ವ್ಯಾನ್ ಟೈಲ್ ಲೈಟ್‌ಗೆ ಯಾವ ಬಲ್ಬ್? ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುವ ಮೂರು ಬಗೆಯ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡೋಣ. ಓಮ್ನಿ, ಈಕೋ ಮತ್ತು ಇದೇ ವರ್ಗದ 12 ವೋಲ್ಟ್ ವ್ಯಾನ್‌ಗಳ ಹಿಂದಿನ ಕೆಂಪು ದೀಪಕ್ಕೆ ಒಳ್ಳೆಯ ಕಂಪನಿಯ ಮಾಮೂಲಿ 21/5 ವ್ಯಾಟ್ ಬಲ್ಬೇ ಸರಿ. ಡಬ್ಬಿಯ ಮೇಲೆ ಹೆಸರೇ ಇಲ್ಲದ ಲೋಕಲ್ ಬಲ್ಬ್ ಬೇಡ. ಎಲ್‌ಇಡಿ ಬೇಕೇ ಬೇಕು ಅನ್ನುವವರು ಕೆಳಗೆ ಬರೆದಿರುವುದನ್ನು ಪೂರ್ತಿ ಓದಿ ಆಮೇಲೆ ದುಡ್ಡು ಕೊಡಿ. ಇನ್ನೊಂದು ವಿಷಯ: ವರ್ಷಕ್ಕೆ ಎರಡು ಮೂರು ಸಲ ಒಂದೇ ಕಡೆಯ ಬಲ್ಬ್ ಹೋಗುತ್ತಿದ್ದರೆ ಬಲ್ಬನ್ನು ಬೈದು ಪ್ರಯೋಜನವಿಲ್ಲ. ದೋಷ ಬಲ್ಬ್ ಕೂರುವ ಹೋಲ್ಡರ್‌ನಲ್ಲೋ ಅರ್ಥ್‌ನಲ್ಲೋ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿ) ಇರುತ್ತದೆ.

ಅಂಗಡಿಗೆ ಹೋಗಿ "ಅಣ್ಣ, ಓಮ್ನಿಗೆ ಹಿಂದಿನ ಬಲ್ಬ್ ಕೊಡಿ" ಅಂದರೆ ಬರುವ ಮೊದಲ ಪ್ರಶ್ನೆ, "ಸಿಂಗಲ್ಲಾ, ಡಬಲ್ಲಾ?" ಟೈಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್ ಇದ್ದರೆ ಡಬಲ್ ಕಾಂಟ್ಯಾಕ್ಟ್. ಒಳಗೆ ಎರಡು ಫಿಲಮೆಂಟ್ (ಉರಿಯುವ ತಂತಿ) ಇರುತ್ತವೆ. 5 ವ್ಯಾಟಿನದು ರಾತ್ರಿ ಲೈಟ್ ಹಾಕಿದಾಗ ಉರಿಯುತ್ತದೆ, 21 ವ್ಯಾಟಿನದು ಬ್ರೇಕ್ ಒತ್ತಿದಾಗ. ಇಂಡಿಕೇಟರ್‌ಗೂ ರಿವರ್ಸ್‌ಗೂ ಸಿಂಗಲ್ ಕಾಂಟ್ಯಾಕ್ಟ್, 21 ವ್ಯಾಟಿನ ಒಂದೇ ಫಿಲಮೆಂಟ್. ಎರಡನೇ ಪ್ರಶ್ನೆ, "ಹನ್ನೆರಡಾ, ಇಪ್ಪತ್ನಾಲ್ಕಾ?" ಈ ಪ್ರಶ್ನೆ ಕೇಳದ ಅಂಗಡಿಯಲ್ಲಿ ಬಲ್ಬಿನ ತಳ ತಿರುಗಿಸಿ ನೀವೇ ಓದಿಕೊಳ್ಳಿ. ಲಾರಿ, ಬಸ್ಸಿನ 24 ವೋಲ್ಟ್ ಬಲ್ಬೂ ಇದೇ ಆಕಾರ, ಇದೇ ತಳ. ವ್ಯಾನಿಗೆ ಸಲೀಸಾಗಿ ಕೂರುತ್ತದೆ, ಉರಿಯುತ್ತದೆ ಕೂಡ, ಆದರೆ ಮಂಕಾಗಿ. ಹಗಲಲ್ಲಿ ಬ್ರೇಕ್ ಹಿಡಿದರೆ ಹಿಂದಿನವನಿಗೆ ಗೊತ್ತೇ ಆಗುವುದಿಲ್ಲ.

ಅಂಗಡಿಯವರು ಬಳಸುವ ಈ ಮಾತುಗಳಿಗೆ ಡಬ್ಬಿಯ ಮೇಲೆ ಬೇರೆ ಹೆಸರಿದೆ. ಡಬಲ್ ಕಾಂಟ್ಯಾಕ್ಟ್ ಅಂದರೆ ಪಿ21/5ಡಬ್ಲ್ಯೂ, ತಳದ ಹೆಸರು ಬಿಎವೈ15ಡಿ. ಫಿಲಿಪ್ಸ್‌ನಲ್ಲಿ ಇದರ ನಂಬರ್ 12499, ಆಸ್ರಮ್‌ನಲ್ಲಿ 7528. ಸಿಂಗಲ್ ಕಾಂಟ್ಯಾಕ್ಟ್ ಅಂದರೆ ಪಿ21ಡಬ್ಲ್ಯೂ, ತಳ ಬಿಎ15ಎಸ್. ಫಿಲಿಪ್ಸ್ 12498, ಆಸ್ರಮ್ 7506. ಇಂಡಿಕೇಟರ್‌ನ ಡೂಮ್ (ದೀಪದ ಮೇಲಿನ ಪ್ಲಾಸ್ಟಿಕ್ ಮುಚ್ಚಳ) ಬಿಳಿಯದಾಗಿದ್ದು ಬಲ್ಬೇ ಕಿತ್ತಳೆ ಬಣ್ಣದ್ದಾಗಿದ್ದರೆ ಅದು ಪಿವೈ21ಡಬ್ಲ್ಯೂ. ಅದರ ಎರಡು ಪಿನ್‌ಗಳು ಒಂದಕ್ಕೊಂದು ನೇರ ಎದುರಿಗಿರದೆ ಸ್ವಲ್ಪ ಓರೆಯಾಗಿರುತ್ತವೆ, ಬಿಳಿ ಬಲ್ಬ್ ತಪ್ಪಿ ಅಲ್ಲಿ ಕೂರಬಾರದೆಂದೇ ಹಾಗೆ ಮಾಡಿದ್ದಾರೆ. ಇಷ್ಟು ನಂಬರ್ ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಇನ್ನೂ ಒಳ್ಳೆಯದೆಂದರೆ ಹೋದ ಬಲ್ಬನ್ನೇ ಜೇಬಿಗೆ ಹಾಕಿಕೊಂಡು ಹೋಗುವುದು.

ಈಗ ಸರಕಿನ ಗುಣ. ಹೆಸರುವಾಸಿ ಬಲ್ಬನ್ನೂ ಲೋಕಲ್ ಬಲ್ಬನ್ನೂ ಅಕ್ಕಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಳ್ಳೆಯದರಲ್ಲಿ ತಳದ ಎರಡು ಬೆಸುಗೆ ಬೊಟ್ಟುಗಳು ಒಂದೇ ಗಾತ್ರ, ಒಂದೇ ಎತ್ತರ, ದುಂಡಗೆ, ಹೊಳಪಾಗಿ ಇರುತ್ತವೆ. ಹಿತ್ತಾಳೆಯ ಅಥವಾ ನಿಕ್ಕಲ್ ಲೇಪದ ತಳದ ಮೇಲೆ ವೋಲ್ಟ್, ವ್ಯಾಟ್, ಕಂಪನಿಯ ಹೆಸರು, ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಅಚ್ಚಾಗಿರುತ್ತವೆ. ಉಗುರಿನಿಂದ ಕೆರೆದರೆ ಅಳಿಸಿ ಹೋಗುವುದಿಲ್ಲ. ಫಿಲಮೆಂಟ್ ಎರಡೂ ಗಾಜಿನ ನಟ್ಟನಡುವೆ, ನೇರವಾಗಿ ನಿಂತಿರುತ್ತವೆ. ಲೋಕಲ್‌ನಲ್ಲಿ ಒಂದು ಬೊಟ್ಟು ದೊಡ್ಡದು, ಇನ್ನೊಂದು ಚಪ್ಪಟೆ. ಗಾಜು ತಳದ ಮೇಲೆ ತುಸು ವಾಲಿರುತ್ತದೆ. ಗಾಜನ್ನು ಹಿಡಿದು ಮೆಲ್ಲಗೆ ತಿರುಗಿಸಿದರೆ ತಳದೊಳಗೆ ಅಲುಗಾಡುವುದೂ ಉಂಟು. ಅಂಥದ್ದನ್ನು ಹೋಲ್ಡರ್‌ನಿಂದ ತೆಗೆಯುವಾಗ ಗಾಜು ಕೈಗೆ ಬರುತ್ತದೆ, ತಳ ಅಲ್ಲೇ ಉಳಿಯುತ್ತದೆ. ಆಮೇಲೆ ನೋಸ್ ಪ್ಲೈಯರ್ ಹಾಕಿ ಒದ್ದಾಡಬೇಕು.

ಈ ಕೂದಲೆಳೆಯ ವ್ಯತ್ಯಾಸಕ್ಕೆ ಇಷ್ಟು ಮಾತು ಯಾಕೆಂದರೆ, ಟೈಲ್ ಲೈಟಿನ ಒಳಗಿನ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಲೆಕ್ಕ ಹಾಕಿರುವುದು ಫಿಲಮೆಂಟ್ ಒಂದು ನಿರ್ದಿಷ್ಟ ಜಾಗದಲ್ಲಿರುತ್ತದೆ ಎಂದೇ. ಫಿಲಮೆಂಟ್ ಪಕ್ಕಕ್ಕೆ ಸರಿದಿದ್ದರೆ ಬೆಳಕೂ ಪಕ್ಕಕ್ಕೆ ಹೋಗುತ್ತದೆ. ನಿಯಮದ ಪ್ರಕಾರ 13.5 ವೋಲ್ಟ್‌ನಲ್ಲಿ ಪಿ21/5ಡಬ್ಲ್ಯೂ ಬಲ್ಬಿನ ಬ್ರೇಕ್ ಫಿಲಮೆಂಟ್ 440 ಲ್ಯೂಮೆನ್ (ಬೆಳಕಿನ ಅಳತೆ), ಟೈಲ್ ಫಿಲಮೆಂಟ್ 35 ಲ್ಯೂಮೆನ್ ಕೊಡಬೇಕು. ಅಂದರೆ ಹನ್ನೆರಡು ಪಟ್ಟು ಅಂತರ. ರಾತ್ರಿ ಹೊತ್ತು ಹಿಂದಿನ ಗಾಡಿಯವನಿಗೆ "ಮುಂದಿನವನು ಬ್ರೇಕ್ ಹಿಡಿದ" ಎಂದು ಹೊಳೆಯುವುದು ಈ ಅಂತರದಿಂದಲೇ, ಬರೀ ಬೆಳಕಿನಿಂದಲ್ಲ. ಲೋಕಲ್ ಬಲ್ಬುಗಳು ಸೋಲುವುದೂ ಇಲ್ಲೇ.

ಬೆಲೆಯ ಮಾತಿಗೆ ಬಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ಒಂದು ಕಾಫಿ ತಿಂಡಿಯ ಖರ್ಚನ್ನು ಮೀರುವುದಿಲ್ಲ. ಇದರಲ್ಲಿ ಉಳಿಸಹೊರಟವರನ್ನು ಕಂಡರೆ ಆಶ್ಚರ್ಯವೇ ಆಗುತ್ತದೆ. ಕಂಪನಿಯ ಹೆಸರಿರುವ ಡೂಪ್ಲಿಕೇಟ್ ಕೂಡ ಮಾರುಕಟ್ಟೆಯಲ್ಲಿದೆ. ಡಬ್ಬಿಯ ಮೇಲಿನ ಅಚ್ಚು ಮಸುಕಾಗಿದ್ದರೆ, ಎಂಆರ್‌ಪಿ ಮತ್ತು ತಯಾರಾದ ತಿಂಗಳು ಇಲ್ಲದಿದ್ದರೆ, ತಳದ ಮೇಲಿನ ಹೆಸರು ಬಣ್ಣದಲ್ಲಿ ಬರೆದಂತಿದ್ದರೆ ಅಲ್ಲೇ, ಆಗಲೇ ವಾಪಸ್ ಕೊಡಿ.

ಇನ್ನು ಎಲ್‌ಇಡಿ. ಜೆ.ಸಿ. ರೋಡಿನ ಆಕ್ಸೆಸರಿ ಅಂಗಡಿಗಳಲ್ಲೂ ಎಸ್.ಪಿ. ರೋಡ್ ಕಡೆಯೂ ಬಿಎವೈ15ಡಿ ತಳದ ಎಲ್‌ಇಡಿ ಬಲ್ಬ್ ಧಾರಾಳವಾಗಿ ಸಿಗುತ್ತದೆ. ಕರೆಂಟ್ ಕಡಿಮೆ ಎಳೆಯುತ್ತದೆ, ಬಿಸಿ ಕಡಿಮೆ, ಅಲುಗಾಟಕ್ಕೆ ಫಿಲಮೆಂಟ್ ಕಡಿದುಹೋಗುವ ಭಯವಿಲ್ಲ. ಒಪ್ಪತಕ್ಕದ್ದೇ. ತೊಂದರೆಗಳು ಬೇರೆ ಕಡೆ ಇವೆ.

ಮೊದಲನೆಯದು ಬಣ್ಣ. ಕೆಂಪು ಡೂಮ್ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ನೀಲಿ ಹಸಿರು ಬೆಳಕೆಲ್ಲ ಡೂಮಿನಲ್ಲೇ ಸತ್ತುಹೋಗಿ ಉಳಿಯುವುದು ಮಂಕು ಗುಲಾಬಿ. ಕೆಂಪು ಡೂಮಿಗೆ ಕೆಂಪು ಎಲ್‌ಇಡಿಯನ್ನೇ ಕೇಳಿ. ಆದರೆ ಟೈಲ್ ಲೈಟಿನ ಬಲ್ಬೇ ಕೆಳಗಿನ ಬಿಳಿ ಕಿಟಕಿಯ ಮೂಲಕ ನಂಬರ್ ಪ್ಲೇಟಿಗೂ ಬೆಳಕು ಕೊಡುವ ಗಾಡಿಯಾದರೆ, ಕೆಂಪು ಎಲ್‌ಇಡಿ ಹಾಕಿದೊಡನೆ ನಂಬರ್ ಪ್ಲೇಟ್ ಕೆಂಪಾಗುತ್ತದೆ. ಮೋಟಾರು ವಾಹನ ನಿಯಮದ ಪ್ರಕಾರ ಅದು ಬಿಳಿ ಬೆಳಕಿನಲ್ಲಿ 15 ಮೀಟರ್‌ನಿಂದ ಓದಲು ಬರಬೇಕು. ಎರಡನೆಯದು ಅಂತರ. ಅಗ್ಗದ ಎಲ್‌ಇಡಿಯಲ್ಲಿ ಟೈಲ್‌ಗೂ ಬ್ರೇಕ್‌ಗೂ ಎರಡು ಮೂರು ಪಟ್ಟು ವ್ಯತ್ಯಾಸ ಇದ್ದರೆ ಹೆಚ್ಚು. ಟೈಲ್ ಕಣ್ಣು ಕುಕ್ಕುವಷ್ಟು ಉರಿಯುತ್ತದೆ, ಬ್ರೇಕ್ ಹಿಡಿದಾಗ ಬದಲಾವಣೆ ಕಾಣುವುದಿಲ್ಲ. ಮೂರನೆಯದು ದಿಕ್ಕು. ಬೆಳಕು ಕೊಡುವ ಚಿಪ್‌ಗಳೆಲ್ಲ ತುದಿಯಲ್ಲೇ ಇರುವ ಎಲ್‌ಇಡಿಯ ಬೆಳಕು ರಿಫ್ಲೆಕ್ಟರಿಗೆ ಬೀಳುವುದೇ ಇಲ್ಲ, ಡೂಮಿನ ನಡುವೆ ಒಂದು ಚುಕ್ಕಿ ಮಾತ್ರ ಹೊಳೆಯುತ್ತದೆ. ಸುತ್ತಲೂ ಚಿಪ್ ಇರುವುದೇ ವಾಸಿ.

ಇಂಡಿಕೇಟರ್‌ಗೆ ಎಲ್‌ಇಡಿ ಹಾಕಿದವರ ಗಾಡಿ ಟಿಕ್‌ಟಿಕ್‌ಟಿಕ್ ಎಂದು ಅವಸರವಾಗಿ ಹೊಡೆದುಕೊಳ್ಳುವುದನ್ನು ಸಿಗ್ನಲ್ಲುಗಳಲ್ಲಿ ನೋಡಿರುತ್ತೀರಿ. ಇಂಡಿಕೇಟರನ್ನು ಮಿಟುಕಿಸುವ ಫ್ಲಾಶರ್ ರಿಲೇ 21 ವ್ಯಾಟ್ ಬಲ್ಬುಗಳ ಲೋಡ್ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುತ್ತದೆ. ಲೋಡ್ ಕಡಿಮೆಯಾದರೆ ಬಲ್ಬ್ ಹೋಗಿದೆ ಎಂದು ತಿಳಿದು ವೇಗ ಹೆಚ್ಚಿಸುತ್ತದೆ. ಇದಕ್ಕೆ ಅಂಗಡಿಯವರು ಕೊಡುವ ಮದ್ದು 6 ಓಮ್, 50 ವ್ಯಾಟಿನ ಚಿನ್ನದ ಬಣ್ಣದ ರೆಸಿಸ್ಟರ್. ಇಂಡಿಕೇಟರ್ ಉರಿಯುವಾಗ ಅದು ಸುಮಾರು 30 ವ್ಯಾಟ್ ಶಾಖ ಕಾರುತ್ತದೆ. ಪ್ಲಾಸ್ಟಿಕ್ ಅಸೆಂಬ್ಲಿಗೋ (ದೀಪದ ಇಡೀ ಜೋಡಣೆ) ವೈರಿಂಗ್ ಕಟ್ಟಿಗೋ ಟೇಪ್ ಸುತ್ತಿ ಬಿಟ್ಟರೆ ಕರಗುತ್ತದೆ. ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಬೇಕು, ಇಲ್ಲವೇ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಬೇಕು. ಕರೆಂಟ್ ಉಳಿಸಲೆಂದು ಎಲ್‌ಇಡಿ ಹಾಕಿ, ಉಳಿದ ಕರೆಂಟನ್ನೆಲ್ಲ ರೆಸಿಸ್ಟರಿನಲ್ಲಿ ಸುಡುವುದು ಯಾವ ಲೆಕ್ಕವೋ.

ಹಾಕುವ ಕೆಲಸ ಹತ್ತು ನಿಮಿಷದ್ದು. ಇಗ್ನಿಷನ್, ಲೈಟ್ ಎರಡೂ ಆಫ್. ಈಗಷ್ಟೇ ಉರಿದ ಬಲ್ಬಿನ ಗಾಜು ಬೆರಳು ಸುಡುತ್ತದೆ, ಆರಲು ಬಿಡಿ. ಓಮ್ನಿಯಲ್ಲಿ ಡೂಮಿನ ಮುಖದ ಮೇಲೇ ಸ್ಟಾರ್ ಸ್ಕ್ರೂಗಳಿವೆ. ಅವನ್ನು ಬಿಚ್ಚಿದರೆ ಡೂಮ್ ಈಚೆ ಬಂದು ಬಲ್ಬುಗಳು ಕಾಣುತ್ತವೆ. ಈಕೋದಂಥ ಗಾಡಿಯಲ್ಲಿ ಹಿಂಬಾಗಿಲು ಎತ್ತಿದಾಗ ಅಸೆಂಬ್ಲಿಯ ಒಳ ಅಂಚಿನಲ್ಲಿ ಸ್ಕ್ರೂ ಕಾಣುತ್ತವೆ, ಅವು ಬಿಚ್ಚಿದ ಮೇಲೆ ಇಡೀ ಅಸೆಂಬ್ಲಿಯನ್ನು ನೇರ ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ತಿರುಚಿದರೆ ಅದನ್ನು ಹಿಡಿದಿರುವ ಗೂಟ ಮುರಿಯುತ್ತದೆ. ಹಳೆಯ ಓಮ್ನಿಗಳಲ್ಲಿ ಸ್ಕ್ರೂ ತುಕ್ಕು ಹಿಡಿದು ಕೂತಿರುತ್ತವೆ. ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಹೊಡೆದು ಹದಿನೈದು ನಿಮಿಷ ಕಾದು, ಸರಿಯಾದ ಗಾತ್ರದ ಸ್ಕ್ರೂಡ್ರೈವರನ್ನು ಒತ್ತಿ ಹಿಡಿದು ತಿರುಗಿಸಿ. ಸಣ್ಣ ಡ್ರೈವರ್ ಹಾಕಿದರೆ ತಲೆ ಸವೆದುಹೋಗಿ ಡ್ರಿಲ್ ಹಿಡಿಯುವ ಕೆಲಸ ಬರುತ್ತದೆ. ಕೂರಿಸುವಾಗ ಉಲ್ಟಾ ಎಚ್ಚರ: ಬಿಗಿ ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಿ. ಬಿಸಿಲಿಗೆ ಒಣಗಿದ ಅಕ್ರಿಲಿಕ್ ಡೂಮ್ ಸ್ಕ್ರೂ ತೂತಿನಿಂದಲೇ ಸೀಳುತ್ತದೆ.

ಬಲ್ಬನ್ನು ಒಳಕ್ಕೆ ಒತ್ತಿ, ಎಡಕ್ಕೆ ಸ್ವಲ್ಪ ತಿರುಗಿಸಿ, ಬಿಟ್ಟರೆ ಸ್ಪ್ರಿಂಗೇ ಈಚೆ ತಳ್ಳುತ್ತದೆ. ಬಟ್ಟೆ ಸುತ್ತಿ ಹಿಡಿಯಿರಿ. ತೆಗೆದ ಬಲ್ಬನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಬಹಳ ಹೇಳುತ್ತದೆ. ಗಾಜಿನ ಒಳಗೆ ಕಪ್ಪು ಅಥವಾ ಬೆಳ್ಳಿ ಛಾಯೆ ಇದ್ದರೆ ಟಂಗ್‌ಸ್ಟನ್ ಆವಿಯಾಗಿ ಅಂಟಿದೆ, ಬಲ್ಬ್ ತನ್ನ ಆಯಸ್ಸು ಮುಗಿಸಿ ಹೋಗಿದೆ. ಒಳಗೆ ಬಿಳಿ ಪುಡಿಯಿದ್ದರೆ ಗಾಳಿ ಒಳಹೊಕ್ಕಿದೆ, ಅಂದರೆ ಗಾಜು ಬಿರುಕು ಬಿಟ್ಟಿತ್ತು ಅಥವಾ ಉರಿಯುವಾಗ ನೀರಹನಿ ಬಿದ್ದಿತ್ತು. ಗಾಜು ಸ್ವಚ್ಛವಾಗಿದ್ದು ಫಿಲಮೆಂಟ್ ಕಡಿದು ನೇತಾಡುತ್ತಿದ್ದರೆ ಅಲುಗಾಟ ಕಾರಣ: ಹೋಲ್ಡರ್ ಸಡಿಲ, ಅಥವಾ ಅಸೆಂಬ್ಲಿಯ ಒಂದು ಸ್ಕ್ರೂ ಇಲ್ಲ. ನಮ್ಮ ಊರಿನ ಹಂಪುಗಳ ಪಾಲೂ ಇದೆ. ಎರಡೂ ಕಡೆ ಬಲ್ಬುಗಳು ಬೇಗಬೇಗ ಕಪ್ಪಾಗಿ ಹೋಗುತ್ತಿದ್ದರೆ ಎಂಜಿನ್ ಓಡಿಸಿ ಬ್ಯಾಟರಿಯ ಮೇಲೆ ವೋಲ್ಟ್ ನೋಡಿಸಿ. 14.5ರ ಆಸುಪಾಸು ಸರಿ. 15 ದಾಟಿದ್ದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಹೋಗಿದೆ. ವೋಲ್ಟ್ ನೂರಕ್ಕೆ ಐದು ಹೆಚ್ಚಾದರೆ ಸಾಕು, ಫಿಲಮೆಂಟಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹೊಸ ಬಲ್ಬ್ ಕೂರಿಸುವಾಗ ಆಗುವ ದೊಡ್ಡ ಎಡವಟ್ಟು ಪಿನ್ನಿನದು. ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಎರಡು ಪಿನ್‌ಗಳು ಒಂದೇ ಎತ್ತರದಲ್ಲಿಲ್ಲ. ಒಂದು ಗಾಜಿಗೆ ಹತ್ತಿರ, ಇನ್ನೊಂದು ತಳಕ್ಕೆ ಹತ್ತಿರ. ಹೋಲ್ಡರಿನಲ್ಲಿ ಪಿನ್ ಕೂರುವ ಸೀಳುಗಳಲ್ಲೂ ಒಂದು ಆಳ, ಒಂದು ಗಿಡ್ಡ. ತಿರುಗದಿದ್ದರೆ ಬಲ್ಬನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ, ಜೋರು ಮಾಡಬೇಡಿ. ಹಳೆಯ, ಸವೆದ ಹೋಲ್ಡರ್‌ನಲ್ಲಿ ಜೋರು ಮಾಡಿದರೆ ಉಲ್ಟಾ ಕೂರುವುದೂ ಉಂಟು. ಆಗ ತಳದ ಎರಡು ಬೊಟ್ಟು ಅದಲುಬದಲಾಗಿ, ಲೈಟ್ ಹಾಕಿದರೆ ಬ್ರೇಕ್ ಫಿಲಮೆಂಟ್ ಉರಿಯುತ್ತದೆ, ಬ್ರೇಕ್ ಒತ್ತಿದರೆ ಟೈಲ್. ಒಂದು ಕಡೆ ಪ್ರಖರ, ಇನ್ನೊಂದು ಕಡೆ ಮಂಕು ಉರಿಯುವ ವ್ಯಾನುಗಳಲ್ಲಿ ಅರ್ಧಕ್ಕೆ ಇದೇ ಕಾರಣ ಇರಬೇಕು.

ಬಲ್ಬ್ ಹಾಕುವ ಮುಂಚೆ ಹೋಲ್ಡರಿಗೆ ಎರಡು ನಿಮಿಷ ಕೊಡಿ. ಒಳಗಿನ ಕಾಂಟ್ಯಾಕ್ಟಿನ ಮೇಲೆ ಹಸಿರು ಕಿಲುಬು, ಬಿಳಿ ಪುಡಿ ಇದ್ದರೆ 400 ನಂಬರಿನ ಎಮರಿ ಪೇಪರನ್ನು ಪೆನ್ಸಿಲಿಗೆ ಸುತ್ತಿ ತಿಕ್ಕಿ. ಬೆರಳಿನಿಂದ ಕಾಂಟ್ಯಾಕ್ಟ್ ಪ್ಲೇಟನ್ನು ಒತ್ತಿ ನೋಡಿ, ಪುಟಿದು ಮೇಲೆ ಬರಬೇಕು. ಬರದಿದ್ದರೆ ಸ್ಪ್ರಿಂಗ್ ಸತ್ತಿದೆ. ಬೊಟ್ಟಿಗೆ ಸರಿಯಾಗಿ ತಾಗದೆ ಕಿಡಿ ಹಾರಿ, ಸೀಸ ಕರಗಿ ಗುಳಿ ಬೀಳುತ್ತದೆ. ತೆಗೆದ ಬಲ್ಬಿನ ಬೊಟ್ಟಿನಲ್ಲಿ ಅಂಥ ಗುಳಿ ಕಂಡರೆ ಹೋಲ್ಡರ್ ಬದಲಿಸಿ. ಬಿಡಿ ಹೋಲ್ಡರ್ ಜೆ.ಸಿ. ರೋಡಿನಲ್ಲಿ ಸಿಗುತ್ತದೆ, ಇಡೀ ಅಸೆಂಬ್ಲಿ ಕೊಳ್ಳಬೇಕಿಲ್ಲ. ಕೊನೆಗೆ ಕಾಂಟ್ಯಾಕ್ಟಿಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ (ಎಲೆಕ್ಟ್ರಿಕಲ್ ಕೆಲಸಕ್ಕೆಂದೇ ಇರುವ ಗ್ರೀಸ್) ಸವರಿದರೆ ಮಳೆಗಾಲ ಕಳೆಯುತ್ತದೆ. ಚಕ್ರದ ಗ್ರೀಸ್ ಬೇಡ.

ಅರ್ಥ್ ವಿಷಯ. ಬ್ರೇಕ್ ಒತ್ತಿದಾಗ ಅದೇ ಕಡೆಯ ಇಂಡಿಕೇಟರ್ ಮಿಣುಕಿದರೆ, ಅಥವಾ ಇಂಡಿಕೇಟರ್ ಹಾಕಿದಾಗ ಟೈಲ್ ಲೈಟೂ ತಾಳ ಹಾಕಿದರೆ, ಬಲ್ಬ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. ಕರೆಂಟಿಗೆ ಗಾಡಿಯ ಬಾಡಿಯ ತಗಡಿಗೆ ಹೋಗುವ ದಾರಿ ಸಿಗದೆ ಇನ್ನೊಂದು ಬಲ್ಬಿನ ಮೂಲಕ ನುಗ್ಗುತ್ತಿದೆ. ಅಸೆಂಬ್ಲಿಯಿಂದ ಬಾಡಿಯ ತಗಡಿಗೆ ಬರುವ ಕಪ್ಪು ವೈರಿನ ರಿಂಗ್ ಬಿಚ್ಚಿ, ಅದರ ಕೆಳಗಿನ ಪೇಂಟನ್ನೂ ತುಕ್ಕನ್ನೂ ಹೊಳೆಯುವ ತನಕ ಕೆರೆದು, ಮತ್ತೆ ಬಿಗಿಯಿರಿ. ಅಳೆದು ನೋಡುವವರು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಹೊರ ಕವಚಕ್ಕೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು ಬ್ರೇಕ್ ಒತ್ತಿಸಬೇಕು. 0.2 ವೋಲ್ಟ್ ಒಳಗೆ ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಲಸ ಇದೆ. ಫಿಲಮೆಂಟಿನ ಬೆಳಕು ವೋಲ್ಟ್‌ಗೆ ಎಷ್ಟು ನಾಜೂಕೆಂದರೆ, ದಾರಿಯಲ್ಲಿ ನೂರಕ್ಕೆ ಹತ್ತು ವೋಲ್ಟ್ ಸೋರಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ.

ಎರಡೂ ಕಡೆ ಒಟ್ಟಿಗೇ ಹೋದರೆ ಬಲ್ಬ್ ಕೊಳ್ಳಲು ಓಡಬೇಡಿ. ಟೈಲ್ ಎರಡೂ ಇಲ್ಲವೆಂದರೆ ಫ್ಯೂಸ್, ಬ್ರೇಕ್ ಎರಡೂ ಇಲ್ಲವೆಂದರೆ ಫ್ಯೂಸ್ ಅಥವಾ ಪೆಡಲಿನ ಸ್ವಿಚ್. ಬ್ರೇಕ್ ಲೈಟ್ ಆರುವುದೇ ಇಲ್ಲ, ಬೆಳಿಗ್ಗೆ ಬ್ಯಾಟರಿ ಡೌನ್ ಅಂದರೂ ಅದೇ ಸ್ವಿಚ್ ನೋಡಿ. ಹಲವು ಗಾಡಿಗಳಲ್ಲಿ ಪೆಡಲ್ ತೋಳಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಬಿರಡೆ ಸ್ವಿಚ್ಚಿನ ಮೂತಿಯನ್ನು ಒತ್ತಿ ಹಿಡಿದಿರುತ್ತದೆ. ಅದು ಪುಡಿಯಾಗಿ ಉದುರಿದರೆ ಸ್ವಿಚ್ ಸದಾ ಆನ್.

ಡೂಮಿನೊಳಗೆ ನೀರು ಕಂಡರೆ ಸುತ್ತ ಸಿಲಿಕೋನ್ ಬಳಿಯುವ ಚಾಳಿ ಇಲ್ಲಿನ ಹಲವು ಗ್ಯಾರೇಜುಗಳಲ್ಲಿದೆ. ಕೆಳಗಡೆ ನೀರು ಇಳಿಯಲೆಂದೇ ಬಿಟ್ಟಿರುವ ತೂತೂ ಮುಚ್ಚಿಹೋಗಿ ಒಳಗಿನ ಆವಿ ಅಲ್ಲೇ ನಿಲ್ಲುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಸಿಪ್ಪೆ ಏಳುತ್ತದೆ. ಸ್ಪಂಜಿನ ಗ್ಯಾಸ್ಕೆಟ್ ಹೊಸದು ಹಾಕಿ, ತೂತನ್ನು ತಂತಿಯಿಂದ ಬಿಡಿಸಿ. ಸೀಳಿದ ಡೂಮಿಗೆ ಕೆಂಪು ಟೇಪ್ ಅಂಟಿಸಿ ಓಡಾಡುವವರು ಎಫ್‌ಸಿ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್) ದಿನ ಪಜೀತಿ ಪಡುತ್ತಾರೆ. ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂಬುದು ನಿಯಮ. ಹಳದಿ ಬೋರ್ಡಿನ ವ್ಯಾನಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಇದ್ದೇ ಇದೆ.

ಇನ್ನು ಜೆ.ಸಿ. ರೋಡ್ ಒಂದು ಮಾರುಕಟ್ಟೆಯಾಗಿ ಹೇಗೆ? ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ತನಕ ಮುಖ್ಯ ರಸ್ತೆಯಲ್ಲೂ ಅಡ್ಡರಸ್ತೆಗಳಲ್ಲೂ ಸಿಗದ ಬಿಡಿಭಾಗ ಕಡಿಮೆ. 2019ರಲ್ಲಿ ತಯಾರಿ ನಿಂತ ಓಮ್ನಿಯ ಡೂಮ್, ಹೋಲ್ಡರ್, ಗ್ಯಾಸ್ಕೆಟ್ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಮುಂಭಾಗದ ಥಳುಕಿನ ಆಕ್ಸೆಸರಿ ಅಂಗಡಿ ಬಿಟ್ಟು ಎಲೆಕ್ಟ್ರಿಕಲ್ ಸ್ಪೇರ್ಸ್ ಎಂದು ಬೋರ್ಡಿರುವ ಸಣ್ಣ ಅಂಗಡಿಗೆ ಹೋಗಿ. ಒಳ್ಳೆಯ ಅಂಗಡಿಯ ಗುರುತು ಸುಲಭ: ಗಲ್ಲಾ ಪಕ್ಕದಲ್ಲಿ ಒಂದು ಬ್ಯಾಟರಿ, ಅದಕ್ಕೆ ಎರಡು ವೈರ್. ಕೇಳುವ ಮೊದಲೇ ಬಲ್ಬಿನ ತಳ ತಾಗಿಸಿ ಎರಡೂ ಫಿಲಮೆಂಟ್ ಉರಿಸಿ ತೋರಿಸುತ್ತಾರೆ. ನೀವೂ ಕಣ್ಣಿಟ್ಟು ನೋಡಿ, ಎಲೆಕ್ಟ್ರಿಕಲ್ ಸಾಮಾನು ಒಮ್ಮೆ ಕೈಬಿಟ್ಟರೆ ವಾಪಸ್ ಇಲ್ಲ. ಬಿಲ್ ಕೇಳಿ ಪಡೆಯಿರಿ. ಪಾರ್ಕಿಂಗ್ ವಿಷಯದಲ್ಲಿ ಮಾತ್ರ ಈ ರಸ್ತೆಗೆ ಸೊನ್ನೆ ಅಂಕ. ವ್ಯಾನ್ ತರಬೇಡಿ, ಹಸಿರು ಮಾರ್ಗದ ಮೆಟ್ರೋ ಹಿಡಿದು ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ನಡೆಯಿರಿ. ಭಾನುವಾರ ಹೋದರೆ ಮುಚ್ಚಿದ ಶಟರ್‌ಗಳೇ ಹೆಚ್ಚು.

ಅಷ್ಟು ದೂರ ಹೋದವರು ಒಂದೇ ಬಲ್ಬ್ ತರಬೇಡಿ. ಡಬಲ್ ಕಾಂಟ್ಯಾಕ್ಟ್ ಮೂರು: ಎರಡು ಗಾಡಿಗೆ, ಒಂದು ಸ್ಪೇರ್. ಎರಡೂ ಕಡೆ ಒಟ್ಟಿಗೇ ಬದಲಿಸಿದರೆ ಬೆಳಕು ಒಂದೇ ಸಮ ಇರುತ್ತದೆ, ಒಂದು ಹೋದ ಮೇಲೆ ಅದೇ ವಯಸ್ಸಿನ ಇನ್ನೊಂದೂ ಹೆಚ್ಚು ದಿನ ಬಾಳುವುದಿಲ್ಲ. ಸಿಂಗಲ್ ಕಾಂಟ್ಯಾಕ್ಟ್ ಒಂದು, ನಂಬರ್ ಪ್ಲೇಟಿನ ಸಣ್ಣ ಬಲ್ಬ್ ಒಂದು, ಡ್ಯಾಶ್‌ಬೋರ್ಡಿನ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಬರೆದಿರುವ ಆಂಪಿಯರಿನ ಫ್ಯೂಸ್ ಎರಡು. ಇವನ್ನೆಲ್ಲ ಡಬ್ಬಿಯ ಸಮೇತ ಒಂದು ಹಳೇ ಕಾಲುಚೀಲಕ್ಕೆ ಹಾಕಿ ಗ್ಲೋವ್ ಬಾಕ್ಸಿನಲ್ಲಿ ಇಡಿ. ಟೂಲ್ ಕಿಟ್‌ನಲ್ಲಿ ಜ್ಯಾಕ್, ಸ್ಪ್ಯಾನರ್ ಜೊತೆ ಇಟ್ಟ ಬಲ್ಬಿನ ಫಿಲಮೆಂಟ್ ಬೇಕಾದ ದಿನಕ್ಕೆ ಉಳಿದಿರುವುದಿಲ್ಲ.